ಎರಡು ವರ್ಷದ ಕುರ್ಚಿ, ಅಜ್ಜಿಯ ಮಣೆ

18,500 ರೂಪಾಯಿ ಕೊಟ್ಟು ತಂದ ಕುರ್ಚಿ. ಕೆಳಗಿನ ತುದಿಯವರೆಗೆ ಇಳಿಸಿದರೂ ನನ್ನ ಪಾದ ನೆಲಕ್ಕೆ ತಾಗಲಿಲ್ಲ. ನನ್ನ ಎತ್ತರ ಐದಡಿ. ಬೆನ್ನನ್ನು ಹಿಂದಕ್ಕೆ ಒರಗಿಸಿದರೆ ಆಸನದ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮುಂದೆ ಸರಿದು ಕುಳಿತರೆ, ಅಂಗಡಿಯವರು ಅಷ್ಟು ಹೊತ್ತು ವರ್ಣಿಸಿದ ಸೊಂಟದ ಆಸರೆ ಬೆನ್ನಿಗೆ ತಲುಪುವುದೇ ಇಲ್ಲ. ಆಸನದ ಆಳ ಹೊಂದಿಸುವ ವ್ಯವಸ್ಥೆ ಇಲ್ಲ. ಇಷ್ಟು ಹಣ ಪಡೆಯುವವರು ಕುಳ್ಳಗಿನ ಹೆಂಗಸರನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂಬ ಸಿಟ್ಟು ಇಂದಿಗೂ ಆರಿಲ್ಲ.

ತ್ಯಾಗರಾಜನಗರದ ಮನೆಯಲ್ಲೇ ಕುಳಿತು ದಿನಕ್ಕೆ ಏಳು ಗಂಟೆ ಕರಡು ತಿದ್ದುವುದು ನನ್ನ ಕೆಲಸ. ಸೊಂಟದ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಎಂದು ವೈದ್ಯರು ಹೇಳಿದ ಮೇಲೆಯೇ ಕುರ್ಚಿ ಕೊಂಡಿದ್ದು. ಹಿಂದಿರುಗಿಸುವ ಅವಧಿ ಮುಗಿದಿತ್ತು. ಬೆನ್ನ ಹಿಂದೆ ಸಣ್ಣ ದಿಂಬು, ಕಾಲ ಕೆಳಗೆ ಅಜ್ಜಿಯ ಹಲಸಿನ ಮಣೆ ಇಟ್ಟೆ. ಊಟಕ್ಕೆ ಕೂರುತ್ತಿದ್ದ ಮಣೆಯ ಮೇಲೆ ಕಾಲಿಡಲು ಮೊದಲ ದಿನ ಮನಸ್ಸೇ ಬರಲಿಲ್ಲ.

ಕುರ್ಚಿಯ ಮೇಲೆ ಪ್ರೀತಿ ಹುಟ್ಟಿಸಿದ್ದು ಬಲಬದಿಯ ಲಿವರ್. ಎತ್ತಿದರೆ ಒರಗು ಮೆಲ್ಲನೆ ಹಿಂದಕ್ಕೆ ವಾಲುತ್ತದೆ. ಮಾರಿದವರು ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕರ ಡಿಸ್ಕಿನೊಳಗೇ ಸಂವೇದಕ ಇರಿಸಿ ಅಳೆದ ಒತ್ತಡಗಳು 1999ರಲ್ಲಿ ಪ್ರಕಟವಾಗಿವೆ: ನಿಂತಾಗ 0.5 ಮೆಗಾಪಾಸ್ಕಲ್, ಕುಳಿತು ಪೂರ್ತಿ ಮುಂದೆ ಬಾಗಿದಾಗ 0.83, ಕುರ್ಚಿಯಲ್ಲಿ ಸಡಿಲವಾಗಿ ಹಿಂದಕ್ಕೆ ಒರಗಿದಾಗ 0.27. ಒಬ್ಬರ ಅಳತೆಯೇ ಇರಬಹುದು, ನನ್ನ ಸೊಂಟ ಅದನ್ನು ಅಕ್ಷರಶಃ ಒಪ್ಪುತ್ತದೆ. ಮೇಜಿನ ಮೇಲೆ ಬಾಗಿ ಕಳೆದ ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ.

ಈಗ ಬೆಳಗಿನ ಕ್ರಮವೇ ಬದಲಾಗಿದೆ. ರಾತ್ರಿಯಿಡೀ ನೀರು ಹೀರಿಕೊಂಡು ಡಿಸ್ಕ್ ಉಬ್ಬಿರುತ್ತದೆ, ಎದ್ದ ಮೊದಲ ಗಂಟೆ ಬಾಗಬೇಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ಹಾಗಾಗಿ ಆರು ಗಂಟೆಯ ರಂಗೋಲಿ ಏಳೂವರೆಗೆ ಸರಿದಿದೆ. ಎದ್ದು ಬಾಲ್ಕನಿಯಲ್ಲಿ ಸ್ವಲ್ಪ ಓಡಾಡಿ, ಡಿಕಾಕ್ಷನ್ ಇಳಿದ ಮೇಲೆ ಕಾಫಿ ಬೆರೆಸಿಕೊಂಡು ಬರುತ್ತೇನೆ. ಲಿವರ್ ಎತ್ತಿ, ಮಣೆಯ ಮೇಲೆ ಕಾಲು ಚಾಚಿ, ಪತ್ರಿಕೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತೇನೆ. ಆ ಇಪ್ಪತ್ತು ನಿಮಿಷ ಸೊಂಟ ಇದೆ ಎಂಬುದೇ ಮರೆತುಹೋಗುತ್ತದೆ. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲೇಬೇಕು. ಡಿಸ್ಕಿಗೆ ತನ್ನದೇ ರಕ್ತನಾಳಗಳಿಲ್ಲ, ಪೋಷಣೆ ಪಕ್ಕದ ಮೂಳೆಯಿಂದ ಒಸರಿ ಬರಬೇಕು, ಅದಕ್ಕೆ ಮೈ ಅಲುಗಾಡುತ್ತಿರಬೇಕು. ಎಂಥ ಕುರ್ಚಿಯೂ ಆ ಓಡಾಟವನ್ನು ತಪ್ಪಿಸಲಾರದು.

ಕೈಯೊರಗಿನ ಹೊದಿಕೆ ಒಂದು ಕಡೆ ಹರಿದಿದೆ, ಚಕ್ರಗಳು ಚೆನ್ನಾಗಿವೆ. ಐದೂವರೆ ಅಡಿ ದಾಟಿದವರು ಧೈರ್ಯವಾಗಿ ಕೊಳ್ಳಿ. ನನ್ನಷ್ಟೇ ಎತ್ತರದವರು ಅಂಗಡಿಯಲ್ಲಿ ಕಾಲು ಗಂಟೆ ಕುಳಿತು, ಬೆನ್ನು ಒರಗಿಸಿದಾಗ ಮಂಡಿಯ ಹಿಂದೆ ಮೂರು ಬೆರಳು ತೂರುತ್ತವೆಯೇ ಎಂದು ನೋಡಿಕೊಂಡ ಮೇಲೆಯೇ ಹಣ ಕೊಡಿ.