ಭೇದಿ ನಿಂತರೆ ಹೊಟ್ಟೆ ವಾಸಿಯಾಯಿತು ಎಂದುಕೊಳ್ಳಬೇಡಿ

ಕಳೆದ ಏಪ್ರಿಲ್‌ನಲ್ಲಿ ಮಂಡ್ಯದ ಕಡೆ ನೆಂಟರ ಮನೆಯಲ್ಲಿ ಬೀಗರೂಟ ಇತ್ತು. ಹೊರಡುವಾಗ ದೊಡ್ಡಮ್ಮ ಪ್ರೀತಿಯಿಂದ ಸ್ಟೀಲ್ ಡಬ್ಬಿಯ ತುಂಬ ಕೋಳಿ ಸಾರು ಹಾಕಿಕೊಟ್ಟರು. ಮಧ್ಯಾಹ್ನ ಎರಡಕ್ಕೆ ಮುಚ್ಚಿದ ಆ ಡಬ್ಬಿ ಬಸ್ಸಿನ ಸೆಕೆಯಲ್ಲಿ ಕುಳಿತು ಬೆಂಗಳೂರಿನ ನಮ್ಮ ಅಡುಗೆಮನೆ ಸೇರುವಾಗ ರಾತ್ರಿ ಏಳು ಗಂಟೆ. ಅದನ್ನು ನಾನು ಕುದಿಸಲಿಲ್ಲ. ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಮುದ್ದೆಗೆ ಹಾಕಿಕೊಂಡೆ. ನಮ್ಮ ಯಜಮಾನರು ಹಸಿವಿಲ್ಲವೆಂದು ಮಜ್ಜಿಗೆ ಅನ್ನ ಉಂಡು ಮಲಗಿದರು. ಅವರಿಗೆ ಏನೂ ಆಗಲಿಲ್ಲ.

ನನಗೆ ಮಾರನೆಯ ದಿನ ಮಧ್ಯಾಹ್ನ ಶುರುವಾಯಿತು. ಮೊದಲು ಚಳಿ, ಆಮೇಲೆ ಹೊಕ್ಕುಳಿನ ಸುತ್ತ ಒದ್ದೆ ಬಟ್ಟೆ ಹಿಂಡಿದಂತಹ ನೋವು, ಆಮೇಲೆ ಭೇದಿ. ಎರಡನೆಯ ದಿನ ಮಲದಲ್ಲಿ ಎಳೆ ಎಳೆಯಾಗಿ ರಕ್ತ ಕಂಡಿತು. ಆ ಕ್ಷಣವೇ ವೈದ್ಯರ ಬಳಿ ಹೋಗಬೇಕಿತ್ತು. ನಾನು ಯಜಮಾನರನ್ನು ಔಷಧಿ ಅಂಗಡಿಗೆ ಕಳಿಸಿದೆ. ಚೀಟಿ ಕೇಳದೆಯೇ ಎರಡು ಬಗೆಯ ಮಾತ್ರೆ ಕೊಟ್ಟರು: ಭೇದಿ ಕಟ್ಟುವ ಲೋಪೆರಮೈಡ್, ಜೊತೆಗೆ ಓಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿದ ಆಂಟಿಬಯಾಟಿಕ್.

ಭೇದಿ ನಿಂತಿತು. ಹೊಟ್ಟೆ ಮಾತ್ರ ತಮಟೆಯಂತೆ ಬಿಗಿದುಕೊಂಡಿತು, ಜ್ವರ 103 ಡಿಗ್ರಿಗೆ ಏರಿತು. ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದರು. ಎರಡು ದಿನ ಡ್ರಿಪ್. ಮಲದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದು ಬಂತು.

ಅಲ್ಲಿನ ವೈದ್ಯೆ ಕುರ್ಚಿ ಎಳೆದುಕೊಂಡು ಕುಳಿತು ತಾಳ್ಮೆಯಿಂದ ವಿವರಿಸಿದರು. ಲೋಪೆರಮೈಡ್ ಕರುಳಿನ ಚಲನೆಯನ್ನೇ ನಿಧಾನಗೊಳಿಸುತ್ತದೆ. ಜ್ವರ ಅಥವಾ ರಕ್ತ ಇರುವಾಗ ಅದನ್ನು ನುಂಗಿದರೆ ಹೊರಗೆ ಹೋಗಬೇಕಾದದ್ದು ಒಳಗೇ ಉಳಿಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯ ಸಾಲ್ಮೊನೆಲ್ಲಾ ಸೋಂಕು ನಾಲ್ಕರಿಂದ ಏಳು ದಿನಗಳಲ್ಲಿ ಬಹುತೇಕ ತಾನಾಗಿಯೇ ಇಳಿಯುತ್ತದೆ, ಆಂಟಿಬಯಾಟಿಕ್‌ನಿಂದ ಅದು ಬೇಗ ಇಳಿಯುವುದಿಲ್ಲ. ಕೂಸುಗಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರ ಮಾತು ಬೇರೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಕೂಡ ಬೇರೆ, ಅದಕ್ಕೆ ಔಷಧಿ ಬೇಕೇ ಬೇಕು. ಯಾವುದು ಎಂಬುದನ್ನು ಪರೀಕ್ಷೆ ಹೇಳಬೇಕು, ಅಂಗಡಿಯವರಲ್ಲ.

ಇಷ್ಟಾದ ಮೇಲೂ ಮನೆಗೆ ಬಂದು ಇನ್ನೊಂದು ತಪ್ಪು ಮಾಡಿದೆ. ಇದನ್ನು ಹೇಳಲೆಂದೇ ಮುಖ್ಯವಾಗಿ ಬರೆಯುತ್ತಿದ್ದೇನೆ. ಸೊರಗಿದ್ದೇನೆಂದು ಅತ್ತೆಯವರು ದಿನಕ್ಕೆ ಎರಡು ಸಲ ದೊಡ್ಡ ಲೋಟದಲ್ಲಿ ಬಾದಾಮಿ ಹಾಲು ಕೊಟ್ಟರು, ನಾನೂ ಕುಡಿದೆ. ಕುಡಿದ ಅರ್ಧ ಗಂಟೆಗೆ ಹೊಟ್ಟೆಯಲ್ಲಿ ಗುಡುಗುಡು, ಉಬ್ಬರ, ಮತ್ತೆ ನೀರಾದ ಭೇದಿ. ಸೋಂಕು ಮರಳಿತೆಂದು ಹೆದರಿ ಉಳಿದಿದ್ದ ಅದೇ ಮಾತ್ರೆಯನ್ನು ಮತ್ತೆ ಮೂರು ದಿನ ನುಂಗಿದೆ. ಅದು ಸೋಂಕಾಗಿರಲಿಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂತೆ ಚಾಚಿಕೊಂಡ ಸೂಕ್ಷ್ಮ ಎಳೆಗಳಿವೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ಅವುಗಳ ತುದಿಯಲ್ಲಿ. ಸೋಂಕು ಮೊದಲು ಸವೆಸುವುದು ಆ ತುದಿಗಳನ್ನೇ. ಅವು ಮತ್ತೆ ಬಲಿಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಹಾಲು ಜೀರ್ಣವಾಗದೆ ಕೆಳಗಿಳಿದು ಹುಳಿಯುತ್ತದೆ. ನಾನು ಹಾಲು ಬಿಟ್ಟು ತೆಳು ಮಜ್ಜಿಗೆ, ಅಕ್ಕಿ ಗಂಜಿ, ಹೆಸರುಬೇಳೆಯ ಪೊಂಗಲ್, ಬಾಳೆಹಣ್ಣಿಗೆ ಇಳಿದ ಮೇಲೆಯೇ ಹೊಟ್ಟೆ ಒಂದು ಹದಕ್ಕೆ ಬಂತು.

ಓಆರ್‌ಎಸ್ ಬಗ್ಗೆಯೂ ಒಂದು ಮಾತು. ನಮ್ಮ ಮನೆಯಲ್ಲಿ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದಿದ್ದರು. ಬಾಯಿಗಿಟ್ಟರೆ ಸಮುದ್ರದ ನೀರು. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿರುತ್ತದೆ, ದಯವಿಟ್ಟು ಓದಿ. ಅಂಗಡಿಯ ಸಿಹಿ ಪಾನೀಯಗಳನ್ನು ಅದರ ಬದಲಿಗೆ ಕೊಡಬೇಡಿ. ಅತಿಯಾದ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಅಂತಹ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಕೂಡದೆಂದು 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶಿಸಿದ್ದು ಇದೇ ಕಾರಣಕ್ಕೆ.

ಎರಡು ತಿಂಗಳಾದರೂ ಬೆಳಿಗ್ಗೆ ಕಚೇರಿಯ ಬಸ್ ಹತ್ತಲು ಭಯವಾಗುತ್ತಿತ್ತು. ತಿಂಡಿ ತಿಂದ ಕೂಡಲೇ ನುಲಿತ, ಅವಸರ. ಮರುಪರೀಕ್ಷೆಯಲ್ಲಿ ರೋಗಾಣು ಇರಲಿಲ್ಲ. ಇಂತಹ ಸೋಂಕಿನ ನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಕರುಳು ಹೀಗೆ ತಿಂಗಳುಗಟ್ಟಲೆ ಮುನಿಸಿಕೊಂಡಿರುತ್ತದೆ ಎಂದು ವೈದ್ಯೆ ಹೇಳಿದಾಗ ಅಳು ಬಂತು, ಜೊತೆಗೆ ಸಮಾಧಾನವೂ ಆಯಿತು. ಆದರೆ ತೂಕ ಇಳಿಯುತ್ತಿದ್ದರೆ, ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತೆ ಭೇದಿಯಾದರೆ ಇದೇ ಇರಬೇಕೆಂದು ಸುಮ್ಮನಿರಬೇಡಿ, ತೋರಿಸಿಕೊಳ್ಳಿ.

ನೆನೆದರೆ ಈಗಲೂ ಎದೆ ನಡುಗುವ ಸಂಗತಿ ಇನ್ನೊಂದಿದೆ. ಕಾಯಿಲೆ ಇಳಿದ ಮೇಲೂ ಕೆಲವು ವಾರ ಮಲದಲ್ಲಿ ಸಾಲ್ಮೊನೆಲ್ಲಾ ಹೋಗುತ್ತಲೇ ಇರುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಮೂರನೆಯ ವಾರ ತಂಗಿ ತನ್ನ ಎಂಟು ತಿಂಗಳ ಮಗುವನ್ನು ಕರೆದುಕೊಂಡು ನನ್ನನ್ನು ನೋಡಲು ಬಂದಿದ್ದಳು. ರಾಗಿ ಸರಿ ಕಲಸಿ, ನನ್ನ ಬೆರಳಿನಿಂದಲೇ ಮಗುವಿಗೆ ತಿನ್ನಿಸಿದೆ. ಪುಣ್ಯಕ್ಕೆ ಮಗುವಿಗೆ ಏನೂ ಆಗಲಿಲ್ಲ. ಆ ದಿನ ನಾನು ಕೈ ತೊಳೆದದ್ದು ಬರೀ ನೀರಿನಲ್ಲಿ.