ಹಳೇ ಡೀಸೆಲ್ ಪಿಕಪ್‌ನ ಪಂಪ್ ಏರಿಸುವ ಮುಂಚೆ ಇದನ್ನು ಓದಿ

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆ ಹಳೇ ಜೀಪ್ ಮಾದರಿಯ ಡೀಸೆಲ್ ಪಿಕಪ್ ಓಡಿಸುವವರು ದಯವಿಟ್ಟು ಗಮನಿಸಿ. ಎಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಪಂಪ್ ತೋರಿಸಿ ‘ಪಂಪ್ ಸ್ಕ್ರೂ ಸ್ವಲ್ಪ ಏರಿಸಿದರೆ ಸಾಕು, ಹೊಸ ಗಾಡಿ ಹಾಗೆ ಎಳೆಯುತ್ತೆ’ ಅಂತ ಯಾರಾದರೂ ಹೇಳಿದರೆ ಅಲ್ಲಿ ಗಾಡಿ ಬಿಡಬೇಡಿ. ಕಡಿಮೆ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸ ಎಂಜಿನ್ ಪೂರ್ತಿ ಬಿಚ್ಚುವವರೆಗೆ ಹೋದ ಒಂದು ಪಿಕಪ್‌ನ ವಿವರ ಇದು.

ಗಾಡಿ ಮಹೀಂದ್ರದ ಹಳೇದು. ಪ್ಯೂಜೋ ವಿನ್ಯಾಸದ 2112 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲ. 15 ಕೆಜಿಯ 70 ಟೊಮೆಟೊ ಬಾಕ್ಸ್ ಹೇರಿದರೆ, ಅಂದರೆ ಲೋಡು ಒಂದು ಟನ್ ದಾಟಿದರೆ, ಸಣ್ಣ ಏರಿಗೂ ಸೆಕೆಂಡ್ ಗೇರ್ ಬೇಕಾಗುತ್ತಿತ್ತು. ದೂರು ಇದ್ದದ್ದು ಅಷ್ಟೇ. ಗ್ಯಾರೇಜಿನವರು ಅರ್ಧ ದಿನದಲ್ಲಿ ಮೂರು ಕೆಲಸ ಮಾಡಿ ಕಳಿಸಿದರು. ಪಂಪಿನ ಸೀಲ್ ಕಿತ್ತು ಡೀಸೆಲ್ ಪ್ರಮಾಣದ ಸ್ಕ್ರೂವನ್ನು ಒಂದೂವರೆ ಸುತ್ತು ಏರಿಸಿದರು. ‘ಹೀಟ್ ಆಗಬಾರದು’ ಅಂತ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ಬಾಯಿ ತೆರೆದು ರೇಡಿಯೇಟರ್‌ಗೆ ಬಿಡುವ ಕವಾಟ) ತೆಗೆದು ಬಿಸಾಕಿದರು. ಬಟ್ಟಲಿನ ಆಯಿಲ್‌ನಲ್ಲಿ ಧೂಳು ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್ ಬಿಚ್ಚಿ ಕೋನ್ ಫಿಲ್ಟರ್ ಕೂರಿಸಿದರು.

ಮೊದಲ ವಾರ ಗಾಡಿ ನಿಜವಾಗಿಯೂ ಚೆನ್ನಾಗಿ ಎಳೆಯಿತು. ಜನ ಮೋಸ ಹೋಗುವುದು ಈ ಒಂದು ವಾರಕ್ಕೆ. ಆಮೇಲೆ ಏರಿನಲ್ಲಿ ಕಪ್ಪು ಹೊಗೆ ಶುರುವಾಯಿತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವ ಬದಲು ಏರತೊಡಗಿತು, ಡೀಸೆಲ್ ವಾಸನೆಯೂ ಬಂತು. ನಾಲ್ಕನೇ ವಾರ ಎಪಿಎಂಸಿಗೆ ಲೋಡು ತರುವಾಗ ರೇಡಿಯೇಟರ್ ಕುದಿದು ಗಾಡಿ ನಿಂತಿತು. ಬಿಚ್ಚಿ ನೋಡಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಒಡೆದಿತ್ತು, ಹೆಡ್‌ನಲ್ಲಿ ಎರಡು ವಾಲ್ವ್‌ಗಳ ನಡುವೆ ಬಿರುಕು ಬಿಟ್ಟಿತ್ತು, ಮೂರನೇ ಪಿಸ್ಟನ್ನಿನ ಅಂಚು ಕರಗಿತ್ತು, ಪಿಸ್ಟನ್ ರಿಂಗ್‌ಗಳು ತಮ್ಮ ಕಚ್ಚುಗಳಲ್ಲೇ ಅಂಟಿಕೊಂಡಿದ್ದವು.

ಯಾಕೆ ಹೀಗಾಯಿತು ಅಂತ ಅರ್ಥ ಮಾಡಿಕೊಳ್ಳುವುದು ಮುಖ್ಯ. ಪೆಟ್ರೋಲ್ ಎಂಜಿನ್‌ಗೆ ಇಂಧನ ಕಡಿಮೆಯಾದರೆ ಬಿಸಿ ಏರುತ್ತೆ. ಡೀಸೆಲ್‌ನಲ್ಲಿ ಅದು ತಿರುಗುಮುರುಗು, ಇಂಧನ ಹೆಚ್ಚಾದಷ್ಟೂ ಬಿಸಿ. ಒಂದು ಗ್ರಾಂ ಡೀಸೆಲ್ ಪೂರ್ತಿ ಸುಡಲು ಸುಮಾರು 14.5 ಗ್ರಾಂ ಗಾಳಿ ಬೇಕು. ಹೊಗೆ ಬಾರದಂತೆ ಓಡಬೇಕಾದರೆ 18 ಗ್ರಾಂಗಿಂತ ಹೆಚ್ಚೇ ಇರಬೇಕು. ಟರ್ಬೊ ಇಲ್ಲದ 2112 ಸಿಸಿ ಎಂಜಿನ್ ಎರಡು ಸುತ್ತಿಗೆ ಎಳೆದುಕೊಳ್ಳುವುದು ಹೆಚ್ಚೆಂದರೆ 2112 ಸಿಸಿ ಗಾಳಿ, ಸ್ಕ್ರೂ ತಿರುಗಿಸಿದರೆ ಅದು ಒಂದು ಸಿಸಿಯೂ ಹೆಚ್ಚುವುದಿಲ್ಲ. ಇನ್ನು ಕೋಲಾರ ಇರುವುದೇ ಸಮುದ್ರಮಟ್ಟದಿಂದ 800 ಮೀಟರ್ ಮೇಲೆ. ಇಲ್ಲಿನ ಗಾಳಿ ಕರಾವಳಿಗಿಂತ ಹೆಚ್ಚುಕಡಿಮೆ ಶೇ. 8ರಷ್ಟು ತೆಳು. ಇದ್ದ ಡೀಸೆಲ್‌ಗೇ ಗಾಳಿ ಬಿಗಿ ಇರುವಾಗ ಇನ್ನಷ್ಟು ಸುರಿದರೆ ಅದು ಸೈಲೆನ್ಸರ್‌ವರೆಗೂ ಉರಿಯುತ್ತಾ ಹೋಗುತ್ತೆ. ಉಳಿದದ್ದು ಸಿಲಿಂಡರ್ ಗೋಡೆ ತೊಳೆದುಕೊಂಡು ಆಯಿಲ್‌ಗೆ ಸೇರುತ್ತೆ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಬಾಳುವುದಿಲ್ಲ.

ಥರ್ಮೋಸ್ಟಾಟ್ ಕಿತ್ತದ್ದು ಎರಡನೇ ತಪ್ಪು. ಬೈಪಾಸ್ ದಾರಿ ಇರುವ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಒಂದಷ್ಟು ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತೆ. ಖಾಲಿ ಗಾಡಿಯಲ್ಲಿ ಎಂಜಿನ್ ತಣ್ಣಗಿದ್ದು ಸವೆಯುತ್ತೆ, ಲೋಡಿನಲ್ಲಿ ಕುದಿಯುತ್ತೆ. ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚಾದ ಡಿಗ್ರಿಯಲ್ಲಿ (82 ಅಂತಿದ್ದರೆ 82ರ ಆಸುಪಾಸಿನಲ್ಲಿ) ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ, ಜಾಗ ಖಾಲಿ ಬಿಡಬೇಡಿ.

ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತೆ. ನಮ್ಮ ತೋಟದ ದಾರಿಗಳ ಕೆಂಪು ಧೂಳಿಗೆ ಅಗ್ಗದ ಕೋನ್ ತಡೆಯೇ ಅಲ್ಲ. ಆಯಿಲ್ ಬಾತ್ ಕ್ಲೀನರ್ ನೋಡೋಕೆ ಹಳೇದಾದರೂ ಧೂಳಿನ ಊರಿಗೆ ಒಳ್ಳೇದು.

ಹೊಟ್ಟೆ ಉರಿಯುವ ಸಂಗತಿ ಮುಂದಿದೆ. ಎಳೆತ ಕಡಿಮೆಯಾಗಲು ಪಂಪ್ ಕಾರಣವೇ ಆಗಿರಲಿಲ್ಲ. ‘ಸೌಂಡ್ ಬರಬಾರದು’ ಅಂತ ಹಿಂದೆ ಯಾರೋ ಟ್ಯಾಪೆಟ್ (ವಾಲ್ವ್ ಮೇಲೆ ಬಿಡಬೇಕಾದ ಸಣ್ಣ ಸಂದು) ಬಿಗಿ ಮಾಡಿದ್ದರು. ವಾಲ್ವ್ ಪೂರ್ತಿ ಕೂರದೆ ಒಂದು ಎಕ್ಸಾಸ್ಟ್ ವಾಲ್ವ್‌ನ ಸೀಟು ಸುಟ್ಟಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರಿಂದ ರೇಡಿಯೇಟರ್ ಟ್ಯೂಬುಗಳಲ್ಲಿ ಅರ್ಧಕ್ಕರ್ಧ ಸುಣ್ಣ ಕಟ್ಟಿತ್ತು. ಹಿಂದಿನ ಒಂದು ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು. ಈ ಮೂರೂ ಸ್ಕ್ರೂ ಮುಟ್ಟದೆ ಸರಿಯಾಗುವಂಥವು.

ಆದ್ದರಿಂದ ಗಾಡಿ ಎಳೆಯದಿದ್ದರೆ ಖರ್ಚಿಲ್ಲದ ಕಡೆಯಿಂದ ಹೊರಡಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಲಿ, ಇನ್ನೊಬ್ಬರು ಪಂಪಿನ ಲಿವರ್ ಸ್ಟಾಪ್‌ಗೆ ತಾಗುತ್ತದೆಯೇ ನೋಡಲಿ (ಎಂಜಿನ್ ನಿಲ್ಲಿಸಿಯೇ). ಹಳೇ ಗಾಡಿಗಳಲ್ಲಿ ಕೇಬಲ್ ಇಲ್ಲವೇ ರಾಡ್ ಸಡಿಲವಾಗಿ ಮುಕ್ಕಾಲು ಭಾಗ ಮಾತ್ರ ತೆರೆಯುವುದು ತೀರಾ ಸಾಮಾನ್ಯ. ಐದು ಕಿಲೋಮೀಟರ್ ಓಡಿಸಿ ನಾಲ್ಕೂ ಬ್ರೇಕ್ ಡ್ರಮ್‌ಗಳ ಹತ್ತಿರ ಕೈ ಹಿಡಿಯಿರಿ, ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ. ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಆಯಿಲ್ ಬಾತ್ ಬಟ್ಟಲಿನ ಕೆಸರು ಚೆಲ್ಲಿ, ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ, ಗುರುತಿನವರೆಗೆ ಮಾತ್ರ ಎಂಜಿನ್ ಆಯಿಲ್ ಹಾಕಿ. ಗುರುತು ದಾಟಿದರೆ ಆಯಿಲ್ಲೇ ಒಳಗೆ ಎಳೆದುಕೊಂಡು ಕೀ ತೆಗೆದರೂ ಎಂಜಿನ್ ನಿಲ್ಲದೆ ಕಿರುಚುವ ಅಪಾಯವಿದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಜಾಲರಿ, ಡೀಸೆಲ್ ಫಿಲ್ಟರ್ ಬದಲಿಸಿ ಡೀಸೆಲ್ ಲೈನಿನೊಳಗಿನ ಗಾಳಿ ತೆಗೆಯಿರಿ. ಟ್ಯಾಪೆಟ್ ಅನ್ನು ಎಂಜಿನ್ ತಣ್ಣಗಿರುವಾಗ ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ಮ್ಯಾನ್ಯುವಲ್‌ನ ಅಳತೆಗೇ ಹೊಂದಿಸಿ. ಕಿವಿಯ ಅಂದಾಜು ಬೇಡ, ಸ್ವಲ್ಪ ಟಕಟಕ ಇದ್ದರೆ ಇರಲಿ.

ದುಡ್ಡು ಖರ್ಚು ಮಾಡುವುದಾದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗೆ ಮಾಡಿ. ನಾಲ್ಕನ್ನೂ ಟೆಸ್ಟರ್ ಮೇಲೆ ಹಾಕಿಸಿ ಎದುರಿಗೇ ನಿಂತು ನೋಡಿ. ಪ್ರೀ ಚೇಂಬರ್ (ಡೀಸೆಲ್ ಮೊದಲು ಉರಿಯತೊಡಗುವ ಸಣ್ಣ ಕೋಣೆ) ಇರುವ ಇಂಥ ಎಂಜಿನ್‌ಗಳಲ್ಲಿ ನಾಜಲ್ ಸಾಮಾನ್ಯವಾಗಿ 115ರಿಂದ 135 ಬಾರ್ ಒತ್ತಡದಲ್ಲಿ ತೆರೆಯುತ್ತೆ. ಮಂಜಿನ ಹಾಗೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಹನಿಸುವ ನಾಜಲ್ ಕೂಡ ಪಿಸ್ಟನ್ ಸುಡುತ್ತೆ. ವಾಪಸ್ ಕೂರಿಸುವಾಗ ವಾಷರ್ ಹೊಸದೇ ಇರಲಿ. ಅಷ್ಟಾದರೂ ಎಳೆಯದಿದ್ದರೆ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ ಒತ್ತುವ ಒತ್ತಡ) ನೋಡಿಸಿ. ಯಾವುದಾದರೂ ಸಿಲಿಂಡರ್ 20 ಬಾರ್‌ಗಿಂತ ಕೆಳಗಿದ್ದರೆ ರಿಂಗೋ ವಾಲ್ವೋ ಹೋಗಿದೆ, ಅಲ್ಲಿ ಯಾವ ಸ್ಕ್ರೂವೂ ಕೆಲಸಕ್ಕೆ ಬಾರದು. ಗುಜರಿ ಟರ್ಬೊ ಕೂರಿಸುವ ಮಾತೂ ಬೇಡ. 20:1ಕ್ಕಿಂತ ಹೆಚ್ಚಿನ ಕಂಪ್ರೆಷನ್ ಅನುಪಾತದ ಈ ಎಂಜಿನ್‌ಗಳ ಗ್ಯಾಸ್ಕೆಟ್ ಅದನ್ನು ತಡೆಯುವುದಿಲ್ಲ.

ರೇಡಿಯೇಟರ್‌ಗೆ ರಾಡಿಂಗ್ (ಟ್ಯೂಬುಗಳಿಗೆ ಸಲಾಕೆ ಹಾಯಿಸಿ ಸುಣ್ಣ ತೆಗೆಯುವುದು) ಮಾಡಿಸಿದ ಮೇಲೆ ಬೋರ್ ನೀರು ಮತ್ತೆ ಹಾಕಬೇಡಿ. ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧರ್ಧ ಹಾಕಿ. ದಾರಿಯಲ್ಲಿ ಕುದಿದರೆ ಮುಚ್ಚಳ ತೆಗೆಯಬೇಡಿ, ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ. ಉಳಿದಿರುವ ಹೆಡ್ ಬಿರುಕು ಬಿಡುವುದು ಆ ಕ್ಷಣದಲ್ಲೇ. ಮುಕ್ಕಾಲು ಗಂಟೆ ಕಾಯಿರಿ, ಟೊಮೆಟೊ ಹರಾಜು ತಪ್ಪಿದರೂ ಸರಿ.

ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ವಿಷಯವೂ ಇದೆ. ಬಿಎಸ್-4 ಮಾಲಿನ್ಯ ನಿಯಮಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್ರಿಜ್ ಯೂನಿಟ್ (ಹೊಗೆಯ ದಟ್ಟತೆಯ ಅಳತೆ). ಸ್ಕ್ರೂ ಏರಿಸಿದ ಗಾಡಿ ಆ ಮಿತಿಯಲ್ಲಿ ಪಾಸಾಗುವುದು ಕಷ್ಟ.

ನಿಮ್ಮ ಗಾಡಿಗೆ ಈಗಾಗಲೇ ಯಾರಾದರೂ ಸ್ಕ್ರೂ ಏರಿಸಿದ್ದಾರೆಯೇ? ಪಂಪಿನ ಸೀಸದ ಸೀಲ್, ತಂತಿ ಇಲ್ಲದಿದ್ದರೆ ಅನುಮಾನಪಡಿ. ಏರಿನಲ್ಲಿ ಬಿಡದೆ ಕಪ್ಪು ಹೊಗೆ ಬಂದು ಡಿಪ್‌ಸ್ಟಿಕ್‌ನಲ್ಲಿ ಮಟ್ಟವೂ ಏರುತ್ತಿದ್ದರೆ ಲೋಡು ನಿಲ್ಲಿಸಿ, ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಅಂದಾಜಿನಲ್ಲಿ ಸ್ಕ್ರೂ ಹಿಂದಕ್ಕೆ ತಿರುಗಿಸುವುದೂ ಬೇಡ, ಪಂಪನ್ನು ಟೆಸ್ಟ್ ಬೆಂಚ್ ಇರುವ ಕಡೆ ಕ್ಯಾಲಿಬ್ರೇಷನ್‌ಗೆ (ಡೀಸೆಲ್ ಪ್ರಮಾಣ ಅಳೆದು ಹೊಂದಿಸಲು) ಕೊಡಿ. ನಾಲ್ಕೂ ಲೈನುಗಳಲ್ಲಿ ಎಷ್ಟೆಷ್ಟು ಡೀಸೆಲ್ ಬಂತು ಅಂತ ಚೀಟಿಯಲ್ಲಿ ಬರೆಸಿಕೊಂಡು, ಹೊಸ ಸೀಲ್ ಹಾಕಿಸಿಕೊಳ್ಳಿ. ಚೀಟಿ ಕೊಡುವುದಿಲ್ಲ ಅನ್ನುವ ಕಡೆ ಪಂಪ್ ಬಿಚ್ಚಿಸಬೇಡಿ.