ಒಂದೇ ದಿನದಲ್ಲಿ ಚರ್ಮ ಹದ ಮಾಡೋದು ಕಲಿಸ್ತೀವಿ ಅಂದ್ರೆ, ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಕಲಬುರಗಿಯಲ್ಲಿ ಕಳೆದ ಬೇಸಿಗೆಯಲ್ಲಿ ಒಂದು ತರಬೇತಿ ನಡೆಯಿತು. ಆಡಿನ ತೊಗಲನ್ನು ಹಳೆ ಪದ್ಧತಿಯಲ್ಲಿ ಮನೆಯಲ್ಲೇ ಹದ ಮಾಡೋದು, ಒಂದು ದಿನದ ಕ್ಲಾಸು, ಜೊತೆಗೊಂದು ಕಿಟ್ಟು. ಬ್ಯಾನರ್ ಮೇಲೆ ಚರ್ಮ ಹದ ಮಾಡುವ ಕಾಯಕದ ಶರಣ ಢೋರ ಕಕ್ಕಯ್ಯನವರ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ 'ಕೆಮಿಕಲ್ ಇಲ್ಲ, ಶರಣರ ಕಾಯಕ'. ಫೀಸು 2,000 ರೂಪಾಯಿ. ಅಕ್ಕನ ಮಗನಿಗೆ ಇಂಥದ್ದರಲ್ಲಿ ಆಸೆ ಜಾಸ್ತಿ, ಅವನ ಜೊತೆ ನಾನೂ ಹೋಗಿದ್ದೆ. ನಡೆಸಿದವರ ಹೆಸರು ಇಲ್ಲಿ ಹಾಕುವುದಿಲ್ಲ. ಆದರೆ ಈಗ ಅವರು ಬೀದರ್, ಬಸವಕಲ್ಯಾಣದ ಕಡೆಗೆ ಹೊರಟಿದ್ದಾರೆ ಅಂತ ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುಣ್ಣದ ವಿಷಯ. ನಮ್ಮ ಶಹಾಬಾದ್, ವಾಡಿ, ಸೇಡಂ ಕಡೆ ಸುಣ್ಣದ ಕಲ್ಲಿಗೇನು ಬರ? ಸುಟ್ಟ ಸುಣ್ಣದ ಹರಳು ಒಂದು ಚೀಲ ತಂದಿದ್ದರು. ಕೂದಲು ಸಡಿಲವಾಗಲು ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಬೇಕು, ಅದು ಸರಿಯೇ. ಆದರೆ ಈ ಮನುಷ್ಯ ಪ್ಲಾಸ್ಟಿಕ್ ಬಕೆಟ್ಟಿನ ಅರ್ಧದಷ್ಟು ಹರಳು ಸುರಿದು, ಮೇಲಿಂದ ಒಂದು ಚೊಂಬು ನೀರು ಹಾಕಿದ. ಎರಡು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹರಳು ಚಟಚಟ ಅಂತ ಸೀಳತೊಡಗಿದವು, ಹೊಗೆಯ ಹಾಗೆ ಆವಿ ಎದ್ದಿತು, ಬಕೆಟ್ಟಿನ ಒಂದು ಬದಿ ಮೆತ್ತಗಾಗಿ ಒಳಕ್ಕೆ ಬಾಗಿತು. ಬಗ್ಗಿ ನೋಡುತ್ತಿದ್ದ ಒಬ್ಬ ಹುಡುಗನ ಕಣ್ಣಿಗೆ ಸಿಡಿಯಿತು.

ಕಲಿಸುವವರು ಆಗ ಹೇಳಿದ್ದೇನು ಗೊತ್ತಾ? 'ತುಪ್ಪ ಹಾಕ್ರಿ, ತಣ್ಣಗಾಗ್ತದ.' ಹತ್ತಿರದಲ್ಲೇ ನಲ್ಲಿ ಇತ್ತು! ಯಾರೋ ಹೆಣ್ಣುಮಗಳು ಅವನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದದ್ದರಿಂದ ಕಣ್ಣು ಉಳಿಯಿತು. ಆದರೂ ತುಂಬಾ ದಿನ ಅವನಿಗೆ ಬೆಳಕು ನೋಡಲು ಆಗುತ್ತಿರಲಿಲ್ಲ. ಸುಣ್ಣ ಕಣ್ಣಿಗೆ ಬಿದ್ದರೆ ತುಪ್ಪ, ಹಾಲು, ಹರಳೆಣ್ಣೆ ಯಾವುದೂ ಬೇಡ. ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆಯಾದರೂ ಹರಿಯುವ ನೀರು ಬಿಡಬೇಕು. ರೆಪ್ಪೆಯೊಳಗೆ ಹರಳು ಸಿಕ್ಕಿಕೊಂಡಿದ್ದರೆ ಅದು ಸುಡುತ್ತಲೇ ಇರುತ್ತದೆ, ಆದ್ದರಿಂದ ತೊಳೆದ ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು. ತಂಬಾಕಿನ ಜೊತೆ ಕೊಳ್ಳುವ ಸುಣ್ಣದ ಟ್ಯೂಬನ್ನು ಮಕ್ಕಳು ಹಿಚುಕಿ ಕಣ್ಣು ಕಳಕೊಳ್ಳುವುದೂ ಇದೇ ಸುಣ್ಣದಿಂದ. ಇನ್ನು ಸುಣ್ಣ ಅರಳಿಸುವವರು ನೀರಿಗೆ ಸ್ವಲ್ಪ ಸ್ವಲ್ಪ ಹರಳು ಹಾಕುತ್ತಾರೆ, ಹರಳಿನ ಮೇಲೆ ನೀರು ಸುರಿಯುವುದಿಲ್ಲ. ಕೆಮಿಕಲ್ ಇಲ್ಲ ಅಂತ ಬೋರ್ಡು ಹಾಕಿದವರಿಗೆ ಸುಣ್ಣವೇ ಕೆಮಿಕಲ್ ಅನ್ನೋದು ಹೊಳೆದಿರಲಿಲ್ಲ.

ಕಿಟ್ಟು ಮನೆಗೆ ಬಂತು. ಕಾಗದದಲ್ಲಿ ಬರೆದ ಹಾಗೆಯೇ ಅಕ್ಕನ ಮಗ ಎಲ್ಲ ಮಾಡಿದ. ಮನೆಯ ಕಂದೂರಿಯ (ಹರಕೆಯ ಊಟದ) ಆಡಿನ ತೊಗಲು, ಅದಕ್ಕೆ ಉಪ್ಪು, ಸುಣ್ಣ, ಆಮೇಲೆ ಕಿಟ್ಟಿನ ತೊಗಟೆ ಪುಡಿ ಪೂರ್ತಿ ಹಾಕಿದ ಗಟ್ಟಿ ನೀರು. ಮೇಲೆ ಒಳ್ಳೆ ಕಂದು ಬಣ್ಣ ಬಂತು. ಎಲ್ಲರೂ ಖುಷಿ. ಒಣಗಿಸಿ ಕುಸುಬಿ ಎಣ್ಣೆ ಹಚ್ಚಿದರು, ಅದೂ ಕಾಗದದಲ್ಲೇ ಇತ್ತು. ಅದು ಒಣಗಿ ಅಂಟಂಟಾಯಿತು. ಕೆಲವೇ ದಿನಕ್ಕೆ ಮನೆಯೆಲ್ಲ ಕೆಟ್ಟ ವಾಸನೆ.

ನಮ್ಮ ಮಾವನವರ ಗೆಳೆಯರೊಬ್ಬರು ಢೋರ ಸಮಾಜದ ಹಿರಿಯರು, ಚಿಕ್ಕಂದಿನಲ್ಲಿ ಹದದ ತೊಟ್ಟಿಗಳ ನಡುವೆಯೇ ಬೆಳೆದವರು. ಅವರಿಗೆ ತೋರಿಸಿದೆವು. ಅವರು ವಾಸನೆ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಒಂದು ಬ್ಲೇಡು ತರಿಸಿ ದಪ್ಪ ಇರುವ ಕತ್ತಿನ ಕಡೆ ಒಂದು ಮೂಲೆ ಕೊಯ್ದರು. ಎರಡೂ ಅಂಚು ಕಂದು, ನಡುವೆ ಬೆಳ್ಳಗೆ ಒಂದು ಗೆರೆ. ಮೇಲೆ ಬೆಂದು ಒಳಗೆ ಹಿಟ್ಟುಳಿದ ರೊಟ್ಟಿ ಹೇಗೋ ಹಾಗೆ.

'ತಮ್ಮಾ, ಮೊದಲನೇ ದಿನಾನೇ ಗಟ್ಟಿ ನೀರಿಗೆ ಹಾಕಿದ್ರ ಬಾಗಿಲು ಹಾಕಿದಂಗ ಆಗ್ತದ. ಮ್ಯಾಲಿನ ಪದರ ಬಿಗದು ಒಳಗ ರಸ ಇಳಿಯಂಗಿಲ್ಲ' ಅಂದರು. ಅವರ ಮನೆಯಲ್ಲಿ ತಂಗಡಿ ತೊಗಟೆ, ಜಾಲಿ ತೊಗಟೆ ನೆನೆಸಿ, ಮೊದಲು ಹಳೆಯ ತಿಳಿ ನೀರು, ಆಮೇಲೆ ಸ್ವಲ್ಪ ಗಟ್ಟಿ, ಆಮೇಲೆ ಇನ್ನೂ ಗಟ್ಟಿ, ಹೀಗೆ ವಾರಗಟ್ಟಲೆ ನಡೆಯುತ್ತಿತ್ತಂತೆ. ಕೊನೆಗೆ ಅಳಲೆಕಾಯಿ. ಎಣ್ಣೆ ಅಂದರೆ ಹೊಂಗೆಯದು. ಇನ್ನೊಂದು ಕೇಳಿದರು: 'ಸುಣ್ಣ ಹ್ಯಾಂಗ ತಗದ್ರಿ?' ಹುಡುಗ ನನ್ನ ಮುಖ ನೋಡಿದ. ನೀರಲ್ಲಿ ತೊಳೆಯಿರಿ ಅಂತಷ್ಟೇ ಕಾಗದದಲ್ಲಿ ಇತ್ತು. ಬೂಸಾ ನೆನೆಸಿ ಹುಳಿ ಬರಿಸಿದ ನೀರಿನಲ್ಲಿ ಇಟ್ಟು ಸುಣ್ಣ ಬಿಡಿಸದಿದ್ದರೆ, ಒಳಗುಳಿದ ಸುಣ್ಣ ತೊಗಟೆ ರಸವನ್ನು ಕೆಡಿಸುತ್ತದೆ, ಕಪ್ಪು ಮಚ್ಚೆ ಬೀಳುತ್ತದೆ. ನಮ್ಮ ತೊಗಲಿನ ಮೇಲೆ ಅವೂ ಇದ್ದವು. ಕಬ್ಬಿಣದ ಬುಟ್ಟಿಯಲ್ಲಿಟ್ಟ ಕಡೆ ಮಸಿ ಬಳಿದಂತೆ ಇನ್ನೊಂದು ಕಲೆ.

ಅಂದಹಾಗೆ ಹುಡುಗನಿಗೆ ಬೇಕಿದ್ದದ್ದು ಬಾರಿಸುವ ಹಲಗಿ. ಹಲಗಿಗೆ ಹದ ಮಾಡಿದ ತೊಗಲು ಬಿಗಿಯುವುದೇ ಇಲ್ಲ. ಕೂದಲು ತೆಗೆದ ಹಸಿ ತೊಗಲನ್ನೇ ಬಿಗಿದು ಒಣಗಿಸುತ್ತಾರೆ, ಅದಕ್ಕೇ ಬೆಂಕಿಗೆ ಕಾಯಿಸಿದರೆ ಸೊಗಸಾಗಿ ಬಿಗಿಯಾಗುವುದು. ಫೀಸು ಕೊಡುವಾಗಲೇ ಹಲಗಿಗೆ ಅಂತ ಹೇಳಿದ್ದೆವು. 'ಓ, ಆಗ್ತದ' ಅಂದಿದ್ದರು.

ಇಷ್ಟೆಲ್ಲ ದುಡ್ಡು, ತೊಗಲು ಹೋದ ಕಥೆ. ಜೀವಕ್ಕೆ ಬರುವ ಮಾತು ಬೇರೆ ಇದೆ. ಕ್ಲಾಸಿನಲ್ಲಿ ಒಬ್ಬರು, ತೊಗಲು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದಕ್ಕೆ, 'ಹಳ್ಳ್ಯಾಗ ಸತ್ತ ಆಡು ಇದ್ರ ಸುಮ್ನೆ ಕೊಡ್ತಾರ, ಸುಲಕೊಂಡು ಬರ್ರಿ' ಅಂತ ಕಲಿಸುವವರು ಅಂದರು. ದಯವಿಟ್ಟು ಬೇಡ. ಚೆನ್ನಾಗಿದ್ದ ಆಡು, ಕುರಿ, ದನ ಇದ್ದಕ್ಕಿದ್ದ ಹಾಗೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಮುಟ್ಟಬೇಡಿ, ಸುಲಿಯಲೇಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಆ ರೋಗದ ಬೀಜ ಗಾಳಿ ತಾಗಿದ ಮೇಲೆ ಮಣ್ಣಿನಲ್ಲಿ, ತೊಗಲಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಉಪ್ಪಿಗೂ ಬಿಸಿಲಿಗೂ ಸಾಯುವುದಿಲ್ಲ. ತೊಗಲು ಮುಟ್ಟಿದವರ ಕೈಮೇಲೆ ಗುಳ್ಳೆಯೆದ್ದು, ನಡುವೆ ಕಪ್ಪು ಹೆಕ್ಕಳಿಕೆ ಕಟ್ಟಿ, ನೋವೇ ಇಲ್ಲದಿದ್ದರೆ ಉದಾಸೀನ ಮಾಡಬೇಡಿ. ಬೇಗ ಹೋದರೆ ಔಷಧಿ ಇದೆ. ಡಾಕ್ಟರಿಗೆ ತೊಗಲು ಮುಟ್ಟಿದ್ದನ್ನು ಬಾಯಿಬಿಟ್ಟು ಹೇಳಿ, ಅವರಾಗಿ ಊಹಿಸುವುದು ಕಷ್ಟ.

ಇನ್ನೊಬ್ಬರು ಚಿಗರಿ (ಕೃಷ್ಣಮೃಗ) ತೊಗಲಿನ ಆಸನದ ಬಗ್ಗೆ ಕೇಳಿದಾಗ ಅವರು ನಕ್ಕು 'ನೋಡೋಣ' ಅಂದರು. ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಅದರ ತೊಗಲು ಮನೆಯಲ್ಲಿ ಸಿಕ್ಕರೆ ಜೈಲು.

ಫೀಸು ವಾಪಸ್ ಕೇಳಿದೆವು. ನೀವು ಸರಿಯಾಗಿ ಮಾಡಿಲ್ಲ ಅಂತ ಫೋನ್ ಇಟ್ಟರು. ನಿಮ್ಮ ಊರಿಗೂ ಆ ಬ್ಯಾನರ್ ಬಂದರೆ ಎರಡೇ ಪ್ರಶ್ನೆ ಕೇಳಿ: ತೊಗಲಿನಿಂದ ಸುಣ್ಣ ಬಿಡಿಸುವುದು ಹೇಗೆ, ಮೊದಲನೇ ದಿನದ ತೊಗಟೆ ನೀರು ಎಷ್ಟು ತಿಳಿ ಇರಬೇಕು? ತಡವರಿಸಿದರೆ ದುಡ್ಡು ಜೇಬಲ್ಲೇ ಇರಲಿ.